ಮಾತ್ರೆಗೆ ಬಗ್ಗದ ಹೊಟ್ಟೆನೋವು

ಸಂಜೆ ಆರು ಗಂಟೆ ದಾಟಿದರೆ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಒಳರಸ್ತೆಗಳಲ್ಲಿ ಚಿಕ್ಕ ಚಿಕ್ಕ ಕ್ಲಿನಿಕ್ಕುಗಳ ಮುಂದೆ ಚಪ್ಪಲಿಗಳ ಸಾಲು ಬೆಳೆಯುತ್ತದೆ. ಹಳಬರ ಬಾಯಲ್ಲಿ ಇವು ಇನ್ನೂ ‘ಡಾಕ್ಟರ ಶಾಪು’. ಒಳಗೆ ಒಂದು ಬೆಂಚು, ಗೋಡೆಯ ಮೇಲೆ ಔಷಧ ಕಂಪೆನಿಯ ಕ್ಯಾಲೆಂಡರು, ಪರದೆಯಾಚೆ ಅಜ್ಜಿಯಿಂದ ಮೊಮ್ಮಗನವರೆಗೆ ಮನೆಮಂದಿಯನ್ನೆಲ್ಲ ಬಲ್ಲ ವೈದ್ಯರು. ಜ್ವರ, ನೆಗಡಿ, ಸಕ್ಕರೆ ಕಾಯಿಲೆ, ಬಿ.ಪಿ. ಎಲ್ಲವೂ ಮೊದಲು ಬರುವುದು ಇಲ್ಲಿಗೇ. ಮನಸ್ಸಿಗಾದ ಗಾಯವೂ ಹೆಚ್ಚಾಗಿ ಮೊದಲು ಬರುವುದು ಇಲ್ಲಿಗೇ. ಆದರೆ ಅದು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ.

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಎಂಟನೇ ತರಗತಿಯ ಹುಡುಗನನ್ನು ತಾಯಿ ಕರೆತಂದಿದ್ದಾರೆ. ಇದು ಮೂರನೇ ಸಲ. ಮೊದಲ ಸಲ ಗ್ಯಾಸಿನ ಮಾತ್ರೆ, ಎರಡನೇ ಸಲ ಹುಳದ ಔಷಧ ಆಗಿದೆ. ತಲೆನೋವಿಗೆಂದು ಕಣ್ಣಿನ ಪರೀಕ್ಷೆಯೂ ಮುಗಿದಿದೆ.

“ಡಾಕ್ಟ್ರೇ, ಸ್ಕೂಲಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅಂತಾನೆ. ರಾತ್ರಿ ನಿದ್ದೇಲಿ ಕಿರುಚ್ಕೊಂಡು ಏಳ್ತಾನೆ. ನಾಟಕ ಆಡ್ತಾನೋ ಏನೋ ಗೊತ್ತಾಗ್ತಿಲ್ಲ.”

“ಇದೆಲ್ಲ ಶುರುವಾಗೋಕೆ ಮುಂಚೆ ಏನಾದ್ರೂ ಆಗಿತ್ತಾಮ್ಮಾ? ಬಿದ್ದಿದ್ದು, ಹೆದರಿದ್ದು?”

“ಅಂಥದ್ದೇನೂ ಇಲ್ಲ ಡಾಕ್ಟ್ರೇ. ಎರಡು ತಿಂಗಳ ಹಿಂದೆ ಅವರ ಚಿಕ್ಕಪ್ಪನ ಗಾಡೀಲಿ ಹೋಗ್ತಾ ಕೆಂಗೇರಿ ಹತ್ರ ಆಕ್ಸಿಡೆಂಟ್ ಆಯ್ತು. ಅವರಿಗೆ ಕಾಲು ಮುರೀತು. ಇವನಿಗೆ ದೇವರ ದಯೆ, ಒಂದು ತರಚುಗಾಯಾನೂ ಆಗ್ಲಿಲ್ಲ.”

‘ಅಂಥದ್ದೇನೂ ಇಲ್ಲ’ ಎಂಬ ಆ ಮಾತಿನ ಹಿಂದೆಯೇ ರೋಗದ ಮೂಲ ಕುಳಿತಿದೆ! ತಾಯಿ ಸುಳ್ಳು ಹೇಳಿದವರಲ್ಲ. ಪೆಟ್ಟು ಬೀಳದಿದ್ದ ಮೇಲೆ ಅಪಘಾತ ಮುಗಿಯಿತು ಎಂದು ಯಾರಾದರೂ ತಿಳಿಯುತ್ತಾರೆ. ವೈದ್ಯರು ಕೇಳದೇ ಇದ್ದಿದ್ದರೆ ಈ ಮಾತು ಹೊರಗೇ ಬರುತ್ತಿರಲಿಲ್ಲ. ಹುಡುಗ ನಾಲ್ಕನೇ ಸಲ ಸ್ಕ್ಯಾನಿಂಗ್ ಚೀಟಿ ಹಿಡಿದು ಹೋಗುತ್ತಿದ್ದ.

ಈ ತೊಂದರೆಗೆ ವೈದ್ಯಶಾಸ್ತ್ರ ಇಟ್ಟಿರುವ ಹೆಸರು ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಚುಟುಕಾಗಿ ಪಿಟಿಎಸ್‌ಡಿ. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನಬಹುದು. ಜೀವಕ್ಕೆ ಕುತ್ತು ತರುವಂಥ ಘಟನೆಯನ್ನು ಅನುಭವಿಸಿದವರಿಗೆ ಮಾತ್ರವಲ್ಲ, ಕಣ್ಣಾರೆ ಕಂಡವರಿಗೂ ಇದು ಬರಬಹುದು. ಮಿದುಳಿನಲ್ಲಿ ಅಮಿಗ್ಡಲ ಎಂಬ ಪುಟ್ಟ ಭಾಗವೊಂದಿದೆ. ಅಪಾಯ ಕಂಡೊಡನೆ ಗಂಟೆ ಬಾರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಆಗ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ, ಹೊಟ್ಟೆ ಕಿವುಚುತ್ತದೆ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ಈ ಕಾಯಿಲೆಯಲ್ಲಿ ಅದು ನಿಲ್ಲುವುದಿಲ್ಲ. ಲಾರಿಯ ಹಾರನ್ ಕೇಳಿದರೆ, ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ, ಘಟನೆ ಈಗಲೇ ನಡೆಯುತ್ತಿದೆಯೇನೋ ಎಂಬಂತೆ ದೇಹ ತತ್ತರಿಸುತ್ತದೆ. ಹುಡುಗನ ಹೊಟ್ಟೆನೋವು ನಾಟಕವಲ್ಲ. ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ.

<b>ಬೆಂಗಳೂರು ಕಂಡ ಬೆಂಕಿ</b>

ಯುದ್ಧಭೂಮಿಯಿಂದ ಮರಳಿದ ಸೈನಿಕರಲ್ಲಿ ಇಂಥ ಲಕ್ಷಣಗಳನ್ನು ಮೊದಲ ಮಹಾಯುದ್ಧದ ಕಾಲದಲ್ಲೇ ಗುರುತಿಸಿ ‘ಶೆಲ್ ಶಾಕ್’ ಎಂದು ಕರೆದಿದ್ದರು. ಆದರೆ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಯಲ್ಲಿ ಈಗಿನ ಹೆಸರಿನಿಂದ ಇದನ್ನು ಸೇರಿಸಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ.

ಅದಾದ ಮರುವರ್ಷವೇ, 1981ರ ಫೆಬ್ರುವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರು ತೊಂಬತ್ತಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಮಕ್ಕಳು. ಆನೆ, ಕೋಡಂಗಿ ನೋಡಲು ಹೋದವರು. ಇಂದು ಐವತ್ತು ದಾಟಿದ ಎಷ್ಟೋ ಬೆಂಗಳೂರಿಗರಿಗೆ ಆ ದಿನದ ನೆನಪು ಮಾಸಿಲ್ಲ. ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರ ಮನಸ್ಥಿತಿಯನ್ನು ನಿಮ್ಹಾನ್ಸ್ ಸಂಸ್ಥೆಯ ಎಚ್.ಎಸ್. ನಾರಾಯಣನ್ ಮತ್ತು ಸಂಗಡಿಗರು ಅಧ್ಯಯನ ಮಾಡಿ, 1987ರಲ್ಲಿ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ದುರಂತವೊಂದರ ಮಾನಸಿಕ ಪರಿಣಾಮವನ್ನು ನಮ್ಮ ದೇಶದಲ್ಲಿ ಶಿಸ್ತಿನಿಂದ ನೋಡಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಅಲ್ಲಿಯವರೆಗೆ ಪರಿಹಾರವೆಂದರೆ ಹಣ, ಕಂಬಳಿ, ಸುಟ್ಟಗಾಯಕ್ಕೆ ಮುಲಾಮು, ಅಷ್ಟೇ.

ಮುಂದಿನ ಪಾಠ ಕಲಿಸಿದ್ದು ಭೋಪಾಲ್. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿದ ಮೇಲೆ ಲಕ್ಷಾಂತರ ಜನ ಆಸ್ಪತ್ರೆಗಳಿಗೆ ಎಡತಾಕಿದರು. ದಮ್ಮು, ಎದೆ ಬಿಗಿತ, ಕಣ್ಣುರಿ, ನಿದ್ದೆಯಿಲ್ಲ. ಯಾವುದು ಅನಿಲ ಸುಟ್ಟ ಶ್ವಾಸಕೋಶದ್ದು, ಯಾವುದು ಭಯದ್ದು? ಕೆಲವರಲ್ಲಿ ಎರಡೂ ಇದ್ದವು. ಅಲ್ಲಿನ ಹತ್ತು ಕ್ಲಿನಿಕ್ಕುಗಳಿಗೆ ಬಂದ 855 ರೋಗಿಗಳನ್ನು ಲಖನೌದ ಮನೋವೈದ್ಯರ ತಂಡ ಪರೀಕ್ಷಿಸಿದಾಗ, ಸುಮಾರು ಶೇ 22ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂತು. ಬಂದವರು ಹುಡುಕಿಕೊಂಡು ಹೋಗಿದ್ದು ಮನೋವೈದ್ಯರನ್ನಲ್ಲ, ಸಾಮಾನ್ಯ ವೈದ್ಯರನ್ನು ಎಂಬುದು ಇಲ್ಲಿ ಮುಖ್ಯ.

ಅಷ್ಟು ಜನಕ್ಕೆ ಸಾಕಾಗುವಷ್ಟು ಮನೋವೈದ್ಯರನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿ ಮೊದಲೇ ಸಿದ್ಧವಾಗಿತ್ತು. ನಿಮ್ಹಾನ್ಸ್‌ನವರು 1975ರ ಸುಮಾರಿಗೇ ನಗರದ ಹೊರವಲಯದ ಸಕಲವಾರದಲ್ಲಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಉಪಚರಿಸುವುದನ್ನು ಕಲಿಸುವ ಪ್ರಯೋಗ ಆರಂಭಿಸಿದ್ದರು. ಅಲ್ಲಿ ಪಳಗಿದ ಕ್ರಮವನ್ನೇ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತಿತರರು ಭೋಪಾಲಿಗೆ ಒಯ್ದರು. 1985ರಲ್ಲಿ ಅನಿಲಪೀಡಿತ ಬಡಾವಣೆಗಳಲ್ಲಿ ದುಡಿಯುತ್ತಿದ್ದ ಸುಮಾರು 50 ವೈದ್ಯರಿಗೆ ತರಬೇತಿ ನಡೆಯಿತು. 1987ರಲ್ಲಿ ಅವರಿಗಾಗಿಯೇ ಕೈಪಿಡಿಯೊಂದು ಹೊರಬಂತು. ಅದನ್ನು ಸಿದ್ಧಪಡಿಸಿದವರಲ್ಲಿ, ಕನ್ನಡದಲ್ಲಿ ಮಾನಸಿಕ ಆರೋಗ್ಯದ ಪುಸ್ತಕಗಳನ್ನು ಬರೆದು ಮನೆಮಾತಾಗಿರುವ ಡಾ. ಸಿ.ಆರ್. ಚಂದ್ರಶೇಖರ್ ಅವರೂ ಒಬ್ಬರು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸಾಮಾನ್ಯ ವೈದ್ಯರೇ ಇದನ್ನು ಮೊದಲು ಹಿಡಿಯಬೇಕು, ಹಿಡಿಯಬಲ್ಲರು ಎಂಬ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ವಿವರವಾಗಿ ಹೇಳಿದ್ದು 2013ರಲ್ಲಿ.

ಹೀಗಿದ್ದೂ ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಆ ಒಂದು ಪ್ರಶ್ನೆ ಬರುವುದು ಅಪರೂಪ. ಎಂಬಿಬಿಎಸ್‌ನ ವರ್ಷಗಟ್ಟಲೆ ಓದಿನಲ್ಲಿ ಮನೋವೈದ್ಯಕ್ಕೆ ಸಿಗುವುದು ಕೆಲವೇ ವಾರಗಳು. ಹೊರಗೆ ನಲವತ್ತು ಜನ ಕಾದಿರುವಾಗ ಒಬ್ಬರಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ವೈದ್ಯರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಕೇಳದಿದ್ದರೂ ಹೇಳಬೇಕಾದ ಮಾತು ಯಾವುದೆಂದು ಮನೆಯವರಿಗೆ ತಿಳಿದಿದ್ದರೆ ಆ ಮೂರೇ ನಿಮಿಷ ಸಾಕಾಗುತ್ತದೆ.

<b>ಹೇಗೆ ಗುರುತಿಸುವುದು?</b>

ಮೊದಲಿಗೆ ಒಂದು ಸಮಾಧಾನದ ಸಂಗತಿ. ಜಗತ್ತಿನಲ್ಲಿ ಸುಮಾರು ಶೇ 70ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಭೀಕರ ಘಟನೆಗೆ ಸಿಕ್ಕುತ್ತಾರೆ, ಆದರೆ ಅವರಲ್ಲಿ ಕಾಯಿಲೆಗೆ ತುತ್ತಾಗುವವರು ಶೇ 5.6 ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೈಂಗಿಕ ದೌರ್ಜನ್ಯ, ಹಿಂಸೆಗಳಿಗೆ ಒಳಗಾದವರಲ್ಲಿ ಈ ಪ್ರಮಾಣ ಹೆಚ್ಚು. ಘಟನೆಯಾದ ಒಂದೆರಡು ವಾರ ನಿದ್ದೆಗೆಡುವುದು, ಬೆಚ್ಚಿಬೀಳುವುದು, ಅಳುವುದು ಕಾಯಿಲೆಯಲ್ಲ. ಮನಸ್ಸು ತನ್ನಷ್ಟಕ್ಕೆ ಮಾಯುತ್ತಿರುವ ರೀತಿ ಅದು. ಒಂದು ತಿಂಗಳು ಕಳೆದ ಮೇಲೂ ಅವು ಇಳಿಯದೆ, ಓದು, ಊಟ, ಆಟ ಎಲ್ಲಕ್ಕೂ ಅಡ್ಡಬಂದರೆ ಆಗ ಎಚ್ಚರವಾಗಬೇಕು.

ವಯಸ್ಕರಿಗಾಗಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ರೂಪುಗೊಂಡ ಐದು ಪ್ರಶ್ನೆಗಳ ಚಿಕ್ಕ ಪಟ್ಟಿಯೊಂದು ಸಾಮಾನ್ಯ ವೈದ್ಯರಲ್ಲಿ ಬಳಕೆಯಲ್ಲಿದೆ. ಅಂಥ ಘಟನೆ ನಡೆದಿತ್ತೇ ಎಂದು ಮೊದಲು ಕೇಳಿ, ಹೌದೆಂದವರಿಗೆ ಮಾತ್ರ ಉಳಿದವು. ಕಳೆದೊಂದು ತಿಂಗಳಲ್ಲಿ ಅದರ ಕೆಟ್ಟ ಕನಸು ಬಿತ್ತೇ, ಬೇಡವೆಂದರೂ ನೆನಪು ನುಗ್ಗಿ ಬಂತೇ? ಅದನ್ನು ನೆನಪಿಸುವ ಜಾಗ, ಮಾತುಗಳಿಂದ ಪ್ರಯತ್ನಪಟ್ಟು ದೂರ ಉಳಿದಿರಾ? ಸದಾ ಕಟ್ಟೆಚ್ಚರದಲ್ಲಿದ್ದು ಚಿಕ್ಕ ಸದ್ದಿಗೂ ಬೆಚ್ಚುತ್ತೀರಾ? ಜನರ ಮೇಲೆ, ಕೆಲಸದ ಮೇಲೆ ಮನಸ್ಸು ಮರಗಟ್ಟಿದಂತಿದೆಯೇ? ಆದದ್ದಕ್ಕೆ ನಾನೇ ಕಾರಣ ಎಂಬ ಅಪರಾಧಭಾವ ಕಾಡುತ್ತಿದೆಯೇ? ಮೂರು ನಾಲ್ಕಕ್ಕೆ ಹೌದೆಂಬ ಉತ್ತರ ಬಂದರೆ ಇನ್ನಷ್ಟು ವಿವರವಾಗಿ ನೋಡಬೇಕು. ಇದು ಜರಡಿಯಷ್ಟೇ, ರೋಗನಿರ್ಣಯವಲ್ಲ. ಪತ್ರಿಕೆ ಓದುತ್ತ ಮನೆಯಲ್ಲೇ ಅಂಕ ಹಾಕಿಕೊಂಡು ತೀರ್ಮಾನಕ್ಕೆ ಬರುವವರು ಇದನ್ನು ಗಮನಿಸಬೇಕು.

ಮಕ್ಕಳ ವಿಷಯ ಬೇರೆ. ನಾಲ್ಕೈದು ವರ್ಷದ ಕೂಸಿಗೆ ‘ನೆನಪು ಕಾಡುತ್ತಿದೆ’ ಎಂದು ಹೇಳಲು ಬರುವುದಿಲ್ಲ. ಅದು ಆಟಿಕೆ ಕಾರುಗಳನ್ನು ಡಿಕ್ಕಿ ಹೊಡೆಸುವ ಒಂದೇ ಆಟವನ್ನು ನಗುವಿಲ್ಲದೆ ಮತ್ತೆ ಮತ್ತೆ ಆಡುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುತ್ತದೆ. ಅಮ್ಮ ಬಚ್ಚಲಿಗೆ ಹೋದರೂ ಸೆರಗು ಬಿಡುವುದಿಲ್ಲ. ಶಾಲೆಯ ಮಕ್ಕಳಲ್ಲಿ ಹೊಟ್ಟೆನೋವು, ತಲೆನೋವು, ಶಾಲೆಗೆ ಹೋಗಲು ಹಟ. ಹೈಸ್ಕೂಲು, ಪಿಯುಸಿಯವರಲ್ಲಿ ಇದು ಸಿಟ್ಟಿನ ರೂಪದಲ್ಲಿ ಹೊರಬರುವುದೇ ಹೆಚ್ಚು. ಮೊದಲ ಬೆಂಚಿನ ಹುಡುಗಿ ಒಂದೇ ಟರ್ಮಿನಲ್ಲಿ ಹಿಂದಕ್ಕೆ ಬೀಳುತ್ತಾಳೆ. ಪುಟ ತೆರೆದಿದ್ದರೂ ಸಾಲು ತಲೆಗಿಳಿಯುವುದಿಲ್ಲ. ‘ಇನ್ನೇನು ಓದಿ ಏನಾಗಬೇಕು’ ಎಂಬ ಮಾತು ಬರುತ್ತದೆ. ಇದನ್ನು ಸೋಮಾರಿತನ, ಮೊಬೈಲ್ ಚಟ, ವಯಸ್ಸಿನ ಪೊಗರು ಎಂದು ತಳ್ಳಿಹಾಕುವ ಮುನ್ನ, ಬದಲಾವಣೆ ಶುರುವಾದ ತಾರೀಖು ಯಾವುದೆಂದು ಹಿಂದಕ್ಕೆ ಎಣಿಸಿ ನೋಡುವುದು ಒಳ್ಳೆಯದು.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದಾಗ ಆ ನೂಕುನುಗ್ಗಲಿನಿಂದ ಪಾರಾಗಿ ಮನೆಗೆ ಬಂದ ಹುಡುಗ ಹುಡುಗಿಯರ ಲೆಕ್ಕ ಯಾವ ಆಸ್ಪತ್ರೆಯ ಪಟ್ಟಿಯಲ್ಲೂ ಇಲ್ಲ. ಮೈಮೇಲೆ ಗಾಯವಿಲ್ಲದವರನ್ನು ಯಾರು ಲೆಕ್ಕವಿಡುತ್ತಾರೆ? 2024ರ ನವೆಂಬರ್‌ನಲ್ಲಿ ರಾಜಾಜಿನಗರದ ವಿದ್ಯುತ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು ಯುವತಿಯೊಬ್ಬರು ಸತ್ತಾಗಲೂ, ಉರಿಯುವ ಅಂಗಡಿಯನ್ನು ರಸ್ತೆಯಲ್ಲಿ ನಿಂತು ಕಂಡವರ ವಿಷಯ ಹಾಗೆಯೇ.

ಹೇಳಲಾಗದ ಇನ್ನೊಂದು ಆಘಾತವಿದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸುವವರು ಬಹುತೇಕ ಪರಿಚಿತರೇ ಆಗಿರುವುದರಿಂದ ಮಗು ಬಾಯಿ ಬಿಡುವುದಿಲ್ಲ. ಹೀಗಾಗಿ ಹದಿಹರೆಯದವರು ಬಂದಾಗ ತಂದೆತಾಯಿಯನ್ನು ಐದು ನಿಮಿಷ ಹೊರಗೆ ಕೂರಿಸಿ ಮಾತನಾಡಿಸುವುದು ವೈದ್ಯರಿಗೆ ಒಳ್ಳೆಯ ಕ್ರಮ. ಪಾಲಕರು ಇದಕ್ಕೆ ಮುನಿಸಿಕೊಳ್ಳಬಾರದು. 2012ರ ಪೋಕ್ಸೋ ಕಾಯ್ದೆಯಂತೆ ಇಂಥ ಸಂಗತಿ ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

<b>ಮಾಡಬಾರದ್ದು ಮೊದಲು</b>

ನಿದ್ದೆ ಬಾರದವರಿಗೆ ನಿದ್ದೆ ಮಾತ್ರೆ ಕೊಡುವುದು ಸುಲಭ. ಔಷಧ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ಕೊಳ್ಳುವುದು ಇನ್ನೂ ಸುಲಭ. ಡಯಜೆಪಾಮ್, ಆಲ್ಪ್ರಜೋಲಾಮ್ ಗುಂಪಿನ ಈ ಮಾತ್ರೆಗಳನ್ನು ಆಘಾತದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗಾಗಿ ಕೊಡಬಾರದು ಎಂದು 2013ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಅವು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಚಟವಾಗಿ ಅಂಟಿಕೊಳ್ಳುವ ಭಯವೂ ಇದೆ.

ಎರಡನೆಯದು, ನಡೆದದ್ದನ್ನು ಒತ್ತಾಯದಿಂದ ಹೇಳಿಸುವುದು. ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಹೊರಹಾಕಿಸಿದರೆ ಮನಸ್ಸು ಹಗುರಾಗುತ್ತದೆಂಬ ನಂಬಿಕೆ ಒಂದು ಕಾಲದಲ್ಲಿ ಜೋರಾಗಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಕಾಯಿಲೆ ತಪ್ಪಲಿಲ್ಲ. ಮಗುವನ್ನು ನೋಡಲು ಬಂದ ಬಂಧುಗಳೆಲ್ಲರ ಮುಂದೆ ‘ಏನಾಯ್ತು ಹೇಳು ಪುಟ್ಟಾ’ ಎಂದು ಕತೆ ಹೇಳಿಸುವ ನಮ್ಮ ಮನೆಗಳ ಅಭ್ಯಾಸವೂ ಹೆಚ್ಚು ಕಡಿಮೆ ಇದೇ ಜಾತಿಯದು. ಹಾಗೆಂದು ‘ಆದದ್ದಾಯ್ತು, ಮರೆತುಬಿಡು’ ಎಂದು ಬಾಯಿ ಮುಚ್ಚಿಸುವುದೂ ಸರಿಯಲ್ಲ. ಹೇಳಬೇಕೆನಿಸಿದಾಗ ಕೇಳುವವರೊಬ್ಬರು ಮನೆಯಲ್ಲಿದ್ದಾರೆ ಎಂದು ಮಗುವಿಗೆ ತಿಳಿದರೆ ಸಾಕು.

ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದನ್ನು ಕಂಡು ನಗುವವರಿದ್ದಾರೆ. ಮಗು ಹೆದರಿದೆ ಎಂಬ ಸತ್ಯವನ್ನಾದರೂ ಆ ಅಜ್ಜಿ ಒಪ್ಪಿಕೊಂಡಿರುತ್ತಾಳೆ. ಮಾರ್ಕ್ಸ್ ಕಾರ್ಡ್ ಹಿಡಿದು ಗದರುವ ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ! ತಾಯತ ಕಟ್ಟಿಸಿ ವೈದ್ಯರ ಬಳಿ ಹೋಗುವುದನ್ನು ತಿಂಗಳುಗಟ್ಟಲೆ ಮುಂದೂಡಿದರೆ ಮಾತ್ರ ಕಷ್ಟ.

ಪ್ರೀತಿಪಾತ್ರರ ಸಾವಿನ ದುಃಖವನ್ನು ಈ ಕಾಯಿಲೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅಜ್ಜ ತೀರಿಕೊಂಡರೆಂದು ಅಳುವ ಮಗುವಿಗೆ ಚಿಕಿತ್ಸೆ ಬೇಡ, ಪಕ್ಕದಲ್ಲಿ ಕೂರುವವರು ಬೇಕು.

<b>ಮಾಡಬೇಕಾದ್ದು</b>

ಕುಟುಂಬ ವೈದ್ಯರ ಮೊದಲ ಔಷಧ ಮಾತು. ‘ನಿನಗೆ ಹುಚ್ಚು ಹಿಡಿದಿಲ್ಲ. ಇಂಥದ್ದು ಕಂಡವರಿಗೆ ಹೀಗಾಗುತ್ತದೆ. ಇದು ವಾಸಿಯಾಗುತ್ತದೆ’ ಎಂದು ಬಿಳಿ ಕೋಟಿನವರ ಬಾಯಿಂದ ಕೇಳಿದರೆ ಸಿಗುವ ಧೈರ್ಯ ದೊಡ್ಡದು. ನಿದ್ದೆ, ಊಟ, ಆಟದ ವೇಳೆಗಳನ್ನು ಮೊದಲಿನಂತೆ ಕಟ್ಟಿಕೊಡುವುದು, ಎರಡು ವಾರ ಬಿಟ್ಟು ಮತ್ತೆ ಬರಹೇಳುವುದು, ಜೊತೆಗೆ ಖಿನ್ನತೆ, ದೊಡ್ಡವರಲ್ಲಿ ಕುಡಿತ ಇದೆಯೇ ಎಂದು ನೋಡುವುದು, ಸಾಯುವ ಮಾತೇನಾದರೂ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದು ಎಲ್ಲವೂ ಬಡಾವಣೆಯ ಕ್ಲಿನಿಕ್ಕಿನಲ್ಲೇ ಆಗುವ ಕೆಲಸ. ಸಾಯುವ ಮಾತು ಬಂದರೆ ಮಾತ್ರ ತಡಮಾಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ತಿಂಗಳಾದರೂ ಇಳಿಯದಿದ್ದರೆ ತಜ್ಞರ ಚಿಕಿತ್ಸೆ ಬೇಕು. ಅದರಲ್ಲಿ ಹೆಚ್ಚು ಫಲ ಕಂಡಿರುವುದು ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ. ಒತ್ತಾಯವಿಲ್ಲದೆ, ರೋಗಿ ತಾಳುವ ವೇಗದಲ್ಲಿ ನೆನಪನ್ನು ಎದುರಿಸಲು ಕಲಿಸುತ್ತಾರೆ. ಮೊದಲ ವಾರ ಗಾಡಿಯ ಚಿತ್ರ, ಆಮೇಲೆ ನಿಂತ ಗಾಡಿಯ ಮೇಲೆ ಕೂರುವುದು, ಮುಂದೆ ಬೀದಿಯ ತುದಿಯವರೆಗೆ ಸವಾರಿ, ಹೀಗೆ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ಚಿಕಿತ್ಸೆಯೂ ಇದೆ. ವಯಸ್ಕರಿಗೆ ಬೇಕಾದರೆ ಸರ್ಟ್ರಲೀನ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಅವು ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ತಾವಾಗಿಯೇ ನಿಲ್ಲಿಸಬಾರದು. ಮಕ್ಕಳಿಗೆ ಮೊದಲ ಆಯ್ಕೆ ಮಾತಿನ ಚಿಕಿತ್ಸೆಯೇ.

ಪಶ್ಚಿಮ ಬೆಂಗಳೂರಿನವರಿಗೆ ಇದಕ್ಕಾಗಿ ಊರಾಚೆ ಹೋಗಬೇಕಾಗಿಲ್ಲ. ಇಎಸ್‌ಐ ಚಂದಾದಾರರಿಗೆ ಮತ್ತು ಅವರ ಅವಲಂಬಿತರಿಗೆ ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಕೈ ಸಿಕ್ಕವರ ಗಾಯಕ್ಕೆ ಕಟ್ಟು ಹಾಕಿಸಿಕೊಳ್ಳುವಾಗಲೇ, ಮತ್ತೆ ಯಂತ್ರದ ಮುಂದೆ ನಿಂತರೆ ಕೈ ನಡುಗುತ್ತದೆಯೇ ಎಂಬುದನ್ನೂ ಹೇಳಿಕೊಳ್ಳಬಹುದು. ಕೆಂಗೇರಿಯಾಚೆ ಮೈಸೂರು ರಸ್ತೆಯಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವೂ, ದಿನದ 24 ಗಂಟೆ ತುರ್ತು ಚಿಕಿತ್ಸೆಯೂ ಇವೆ. ಮನೆ ಬಿಟ್ಟು ಹೊರಡಲು ಸಂಕೋಚವಾದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಬಹುದು. ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಕ್ಲಿನಿಕ್ಕಿಗೆ ಹೋಗುವಾಗ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗುವುದು ಮೇಲು: ಏನಾಯಿತು, ಯಾವ ದಿನ, ಆಮೇಲೆ ಏನು ಬದಲಾಯಿತು. ಮಗುವಿನ ಎದುರು ಹೇಳಲು ಕಷ್ಟವಾದರೆ ಚೀಟಿಯನ್ನೇ ವೈದ್ಯರ ಕೈಗೆ ಕೊಡಬಹುದು. ಶಾಲೆಯ ಕ್ಲಾಸ್ ಟೀಚರಿಗೂ ಇಷ್ಟು ತಿಳಿದಿದ್ದರೆ, ಬಾಗಿಲ ಬಳಿಯ ಬೆಂಚು ಕೇಳಿದ ಹುಡುಗನಿಗೆ ಕಾರಣ ಕೇಳದೆ ಕೊಡುತ್ತಾರೆ. ಪರೀಕ್ಷೆಯ ನಡುವೆ ಎರಡು ನಿಮಿಷ ಹೊರಗೆ ನಿಂತು ಬರಲು ಬಿಡುತ್ತಾರೆ.

ಗುಣವಾದ ಮೇಲೂ ಕೆಲವು ದಿನಗಳು ಕಾಡುವುದುಂಟು. ಬೆಂಕಿ ಕಂಡ ಮಗುವಿಗೆ ದೀಪಾವಳಿಯ ಪಟಾಕಿ, ಅಪಘಾತ ಕಂಡವನಿಗೆ ಅದೇ ತಾರೀಖು ಮರುವರ್ಷ ಬರುವುದು. ಘಟನೆಯ ದಿನಾಂಕವನ್ನು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಅದಕ್ಕೆ ಒಂದು ವಾರ ಮುಂಚೆ ‘ಒಮ್ಮೆ ಬಂದು ಹೋಗಪ್ಪಾ’ ಎಂದು ಹೇಳಿಕಳುಹಿಸಲು ಕುಟುಂಬ ವೈದ್ಯರಿಗಷ್ಟೇ ಸಾಧ್ಯ.